ರಸೀದಿಯ ಬೆನ್ನು

ಮೂವತ್ತೊಂದು ವರ್ಷ ಟಿಕೆಟು ಹರಿದವನು ನಾನು.
ಹಾಸನ ಡಿಪೊ, ಅರಸೀಕೆರೆ ರೂಟು, ದಿನಕ್ಕೆ ಆರು ಸಿಂಗಲ್.
ದುದ್ದ ಬರುವ ಮೊದಲೇ ನಿಂತವರ ಲೆಕ್ಕ ಮುಗಿಸಿ
ಬಾಗಿಲ ಪಕ್ಕದ ಕಂಬಿಗೊರಗಿ ವೇಬಿಲ್ಲು ಬರೆಯುತ್ತಿದ್ದೆ,
ಎಂಥ ಕುಲುಕಿನಲ್ಲೂ ಅಂಕಿ ಓರೆಯಾಗದಂತೆ.

ಈಗ ಪೆನ್ಷನ್ ಮೊಹಲ್ಲಾದಲ್ಲಿ ಮನೆ.
ಹೆಸರು ಕೇಳಿ ನಗಬೇಡಿ. ನನಗೆ ಬರುವ ಪಿಂಚಣಿ
ಮೂರು ಸಾವಿರದ ನೂರ ಹನ್ನೆರಡು.
ಪಿ.ಎಫ್. ದುಡ್ಡಿಗೆ ಪಾಯ, ಸೊಸೈಟಿ ಸಾಲಕ್ಕೆ ಗೋಡೆ,
ಖಮರುನ್ನಿಸಾಳ ಎರಡು ಬಳೆಗೆ ತಾರಸಿ.
ಮೇಲೊಂದು ಮಹಡಿ ಬರಲೆಂದು ಬಿಟ್ಟ ಕಬ್ಬಿಣದ ಸರಳು
ಇಪ್ಪತ್ತೆಂಟು ವರ್ಷದಿಂದ ಆಕಾಶಕ್ಕೆ ಕೈಯೆತ್ತಿ ನಿಂತಿವೆ
ಹೋಲ್ಡಾನ್, ಹೋಲ್ಡಾನ್ ಅಂತ.

ಹೋದ ಸಾಲಿನಲ್ಲಿ ಟೇಪು ಹಿಡಿದು ಬಂದರು ಇಬ್ಬರು ಹುಡುಗರು.
ಮೆಟ್ಟಿಲಡಿ ಅಳೆದರು. ಶೀಟಿನಡಿ ಅಳೆದರು.
ಗೂಡು ಅಳೆಯಲು ಬಗ್ಗಿದಾಗ ಕೋಳಿಯೇ ಎದ್ದು ಬಂತು;
ಅಷ್ಟು ಜಾಗ ಅದಕ್ಕೆ ಬಿಟ್ಟರು.
ಕಿಟಕಿಯಲ್ಲಿ ರಟ್ಟಿನ ಬೋರ್ಡು:
ಸೀರೆಗೆ ಫಾಲ್ಸ್, ಜಿಗ್‌ಜಾಗ್ ಹಾಕಿಕೊಡಲಾಗುವುದು.
ಒಬ್ಬ ಇನ್ನೊಬ್ಬನಿಗೆ ಅಂದ,
"ಮುಂದಿನ ರೂಮು ವಾಣಿಜ್ಯ ಅಂತ ಬರ್ಕೊ."

ವಾಣಿಜ್ಯ!
ಒಂದು ಸೀರೆಗೆ ಎಪ್ಪತ್ತು, ದಾರ ಅವಳದೇ.
ಕಾಲು ಊದುವುದರಿಂದ ದಿನಕ್ಕೆ ಒಂದೋ ಎರಡೋ.
ಅವತ್ತೇ ಸಂಜೆ ಬೋರ್ಡು ಇಳಿಸಿ, ಮಗುಚಿ,
ಅದರ ಮೇಲೆ ಮೆಣಸಿನಕಾಯಿ ಒಣಹಾಕಿದಳು.
ಹೆಂಗಸರು ಈಗಲೂ ಬರುತ್ತಾರೆ,
ತರಕಾರಿ ಚೀಲದಲ್ಲಿ ನುಗ್ಗೆಸೊಪ್ಪಿನ ಕೆಳಗೆ
ಸೀರೆ ಅಡಗಿಸಿಕೊಂಡು.

ಏಪ್ರಿಲ್ ಕೊನೆಯ ವಾರ. ಕೌಂಟರಿನ ಮುಂದೆ
ಐದು ಪರ್ಸೆಂಟು ರಿಯಾಯಿತಿಗಾಗಿ ಬಿಸಿಲಲ್ಲಿ ನಿಂತವರೆಲ್ಲ
ನನ್ನ ಪ್ಯಾಸೆಂಜರುಗಳೇ ಅನಿಸಿತು:
ಡ್ರಿಲ್ ಮಾಸ್ತರು ತಮ್ಮಣ್ಣಾಚಾರ್,
ದೊಡ್ಡಾಸ್ಪತ್ರೆಯಲ್ಲಿ ಆಯಾ ಆಗಿದ್ದ ಫಿಲೋಮಿನಮ್ಮ,
ಮಂಡಿಗೆ ಪಟ್ಟಿ ಬಿಗಿದುಕೊಂಡ ಲೈನ್‌ಮನ್ ದ್ಯಾವಪ್ಪ.
ಇಲ್ಲಿ ಯಾರಿಗೂ ಪಾಸಿಲ್ಲ.

"ನಿಮ್ ಸೈಟೀಗ ಬಂಗಾರ ಸಾಬ್ರೇ, ರೇಟು ಎಷ್ಟು ಏರಿದೆ ನೋಡಿ,"
ಅಂದಳು ಒಳಗಿನ ಹುಡುಗಿ, ಕೆಟ್ಟ ಮನಸ್ಸಿನಿಂದಲ್ಲ.
ಏರಿದೆ ತಾಯಿ.
ಏರಿದವರು ಎಲ್ಲಿ ಇಳಿಯುತ್ತಾರೆ ಅಂತ ನನಗೆ ಮುಖ ನೋಡಿಯೇ ಗೊತ್ತಾಗುತ್ತಿತ್ತು.
ಇದು ಎಲ್ಲಿ ಇಳಿಯುತ್ತೆ?
ಮಾರಿದರೆ ಬಂಗಾರ. ಕೂತರೆ ಬರೀ ಇಟ್ಟಿಗೆ.
ನಿಂತ ಬಸ್ಸಿಗೆ ವರ್ಷ ವರ್ಷ ಟಿಕೆಟ್ಟು,
ಅದೂ ಸ್ಟೇಜು ಹೆಚ್ಚಿಸಿ.

ಮನೆ ಕಂದಾಯ, ಆರೋಗ್ಯ ಕರ, ಗ್ರಂಥಾಲಯ ಕರ,
ಭಿಕ್ಷುಕರ ಕರ.
ಅದರ ಮೇಲೆ ಬೆರಳಿಟ್ಟು ಕೇಳಿದೆ,
"ಇದು ನಾನು ಕೊಡೋದಾ, ನನಗೆ ಕೊಡೋದಾ?"
ಕ್ಯೂ ಪೂರ್ತಿ ನಕ್ಕಿತು.
ದ್ಯಾವಪ್ಪ ನಗಲಿಲ್ಲ.

ಒಂಬತ್ತು ಸಾವಿರದ ಇನ್ನೂರ ತೊಂಬತ್ತೇಳು.
ಹೆಚ್ಚುಕಮ್ಮಿ ಮೂರು ತಿಂಗಳ ಪಿಂಚಣಿ.
ನೋಟು ಉದ್ದಕ್ಕೆ ಮಡಿಚಿ ಬೆರಳ ಸಂದಿಗೆ ಸಿಕ್ಕಿಸಿ ಎಣಿಸಿದೆ;
ಕೈ ಇನ್ನೂ ಮರೆತಿಲ್ಲ.
"ಚಿಲ್ಲರೆ ಇಲ್ಲ ಸಾಬ್ರೇ, ಮೂರು ರೂಪಾಯಿ ಆಮೇಲೆ."

ಆಮೇಲೆ.
ಈ ಮಾತು ನನ್ನದು. ಎಷ್ಟು ಸಾವಿರ ಸಲ ಅಂದಿದ್ದೇನೋ.
ಹಾರನಹಳ್ಳಿಯಲ್ಲಿ ಒಬ್ಬಳು ಮುದುಕಿ, ಕಂಕುಳಲ್ಲಿ ಹುರುಳಿ ಗಂಟು;
ಟಿಕೆಟಿನ ಬೆನ್ನಿಗೆ ಎಂಟು ರೂಪಾಯಿ ಬರೆದುಕೊಟ್ಟಿದ್ದೆ.
ಇಳಿದಳು, ತಿರುಗಿ ಕೈ ಚಾಚಿದಳು,
ನನ್ನ ಬಾಯಿ ಆಗಲೇ ರೈಟ್ ಅಂದಿತ್ತು.
ಹಿಂದಿನ ಗಾಜಿನಲ್ಲಿ ಚೀಟಿ ಹಿಡಿದ ಆ ಕೈ
ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಧೂಳಾಯಿತು.
ಸಂಜೆ ಕ್ಯಾಶು ಕಟ್ಟುವಾಗ ಎಂಟು ರೂಪಾಯಿ ಹೆಚ್ಚಿತ್ತು.
ಟೀ ಕುಡಿದೆ.

ಕೌಂಟರಿಗೆ ದಾರದಲ್ಲಿ ಕಟ್ಟಿದ ಪೆನ್ನಿನಲ್ಲೇ
ರಸೀದಿ ಮಗುಚಿ ಬರೆದುಕೊಂಡೆ: ಬರಬೇಕಾದ್ದು ಮೂರು.
ಸ್ವಲ್ಪ ಜಾಗ ಬಿಟ್ಟು, ಕೆಳಗೆ: ಕೊಡಬೇಕಾದ್ದು ಎಂಟು.
ಹಿಂದಿನಿಂದ ಯಾರೋ ಬೆನ್ನು ತಳ್ಳಿದರು,
"ಮುಂದೆ ಹೋಗಿ ಯಜಮಾನ್ರೇ, ಮುಂದೆ ಜಾಗ ಇದೆ."

ಅದೂ ನನ್ನ ಮಾತೇ.
ಜಾಗ ಇರುತ್ತಿರಲಿಲ್ಲ.